ಶಾಲೆ ಹೇಗಿದೆ ಅಂತ ಯಾರನ್ನ ಕೇಳಿದ್ರಿ?

ಇವತ್ತು ನಮ್ಮ ಚಾನೆಲ್‌ನಲ್ಲಿ ನೀವು ನೋಡಿದ್ದು ಒಂದೇ ಸುದ್ದಿ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ. ರಾಜ್ಯಕ್ಕೆ ಶೇ. 62.34. 625ಕ್ಕೆ 625 ತಗೊಂಡವರು 22 ಮಕ್ಕಳು. ನಮ್ಮ ಸ್ಟುಡಿಯೋಗೂ ಹೆಚ್ಚು ಅಂಕ ತಗೊಂಡ ಮಕ್ಕಳು ಬಂದಿದ್ರು, ಅಪ್ಪ ಅಮ್ಮನ ಜೊತೆ. ಮಾತಾಡಿಸಿದವನು ನಾನೇ. ದಿನಕ್ಕೆ ಎಷ್ಟು ಗಂಟೆ ಓದ್ತಿದ್ದೆ, ಮೊಬೈಲ್ ಮುಟ್ತಿದ್ಯಾ ಇಲ್ವಾ, ಮುಂದೆ ಡಾಕ್ಟರೋ ಎಂಜಿನಿಯರೋ. ಪ್ರತಿ ವರ್ಷದ ಅವೇ ಪ್ರಶ್ನೆ. ಅಮ್ಮ ಮಗಳ ಬಾಯಿಗೆ ಪೇಡ ಇಡೋ ಶಾಟ್ ಒಂದು ಸಲ ಸರಿಯಾಗಿ ಬರಲಿಲ್ಲ ಅಂತ ಎರಡನೇ ಸಲ ಇಡಿಸಿದ್ವಿ. ಅದನ್ನೂ ಹೇಳಿಬಿಡ್ತೀನಿ.

ಬ್ರೇಕ್ ತಗೊಂಡಾಗ, ಮೈಕ್ ಆಫ್ ಆಗಿದ್ದಾಗ, ಸುಮ್ಮನೆ ಮಾತಿಗೆ ಒಂದು ಹುಡುಗಿಯನ್ನ ಕೇಳಿದೆ. "ನಿಮ್ಮ ಶಾಲೆ ಹೇಗಿತ್ತಮ್ಮಾ?" ಉತ್ತರ ಬಂತು. "ತುಂಬಾ ಒಳ್ಳೆ ಶಾಲೆ ಸಾರ್, ನಾವು ಅದಕ್ಕೋಸ್ಕರನೇ ಮನೆ ಬದಲಾಯಿಸಿದ್ವಿ." ಹೇಳಿದ್ದು ಹುಡುಗಿ ಅಲ್ಲ, ಅವರಮ್ಮ. ಹುಡುಗಿ ಅಮ್ಮನ ಮುಖ ನೋಡ್ತಾ ಕೂತಿದ್ದಳು.

ಈ ಮಾತನ್ನ ನಾನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತು. ಕೇಳಿದ್ದೆ. ಇಲ್ಲಿ ಅಲ್ಲ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಅದಕ್ಕೇ ಇವತ್ತಿನ ಮಾತು ಅಲ್ಲಿಂದ.

2016ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ. ನಾನಾಗ ಎಂಜಿನಿಯರಿಂಗ್ ಮುಗಿಸಿ, ಕೈಗೆ ಬಂದಿದ್ದ ಸಾಫ್ಟ್‌ವೇರ್ ಕೆಲಸ ಬಿಟ್ಟು, ಮನೆಯಲ್ಲಿ ಎಲ್ಲರ ಕೈಯಲ್ಲೂ ಬೈಸ್ಕೊಂಡು ಚಾನೆಲ್ ಸೇರಿದ್ದ ಹೊಸ ವರದಿಗಾರ. ಸಮ್ಮೇಳನ ಮುಗಿಸ್ಕೊಂಡು ನಮ್ಮ ದೊಡ್ಡಮ್ಮನ ಮಗಳ ಮನೆಗೆ ಹೋದೆ. ಅಕ್ಕ, ಭಾವ, ಹದಿನೈದು ವರ್ಷದ ಮಗಳು, ಏಳು ವರ್ಷದ ಮಗ. ಪ್ರಿನ್ಸ್‌ಟನ್‌ನಿಂದ ತುಂಬಾ ದೂರ ಅಲ್ಲದ ಒಂದು ಉಪನಗರ. ಊರಿನ ಹೆಸರು ಬೇಡ, ಅಲ್ಲಿ ನಾಳೆಯೂ ಅವರು ಬಾಳಬೇಕು.

ಮನೆ ತುಂಬಾ ಚೆನ್ನಾಗಿತ್ತು. ಆದರೆ ಭಾವನ ಸಂಬಳಕ್ಕೆ ಅದು ದೊಡ್ಡದೇ. ಕೇಳಿದೆ. "ಇಷ್ಟು ಸಾಲ ಮಾಡಿ ಇಲ್ಲೇ ಯಾಕೆ ತಗೊಂಡ್ರಿ ಭಾವ? ಹತ್ತು ಮೈಲಿ ಆಚೆ ಹೋಗಿದ್ರೆ ಅರ್ಧಕ್ಕೇ ಸಿಗ್ತಿತ್ತಲ್ವಾ?" ಭಾವ ನಕ್ಕರು. "ಮನೆ ಯಾರು ತಗೊಂಡ್ರು ಮಾರಾಯ? ನಾವು ತಗೊಂಡಿದ್ದು ಹೈಸ್ಕೂಲು."

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಪಬ್ಲಿಕ್ ಸ್ಕೂಲ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಟೈ, ಶೂ, ಲಕ್ಷಗಟ್ಟಲೆ ಡೊನೇಷನ್. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದ್ರೆ ನಮ್ಮ ಸರ್ಕಾರಿ ಶಾಲೆ. ಫೀಸಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಹೈಸ್ಕೂಲು. ಸೀಟು ಸಿಗೋದು ಮಗುವಿನ ಅಂಕದ ಮೇಲಲ್ಲ, ಮನೆಯ ವಿಳಾಸದ ಮೇಲೆ. ಈ ಬೀದಿಯವರಿಗೆ ಈ ಶಾಲೆ, ಆ ಬೀದಿಯವರಿಗೆ ಆ ಶಾಲೆ. ಹಾಗಾಗಿ ಫೀಸಿಲ್ಲದ ಶಾಲೆಯ ಫೀಸು ಮನೆಯ ಬೆಲೆಯಲ್ಲಿ ಸೇರ್ಕೊಂಡಿರುತ್ತೆ. ಮನೆ ಮಾರಾಟದ ಜಾಹೀರಾತಿನಲ್ಲಿ ಎಷ್ಟು ಬೆಡ್‌ರೂಮು, ಎಷ್ಟು ಬಾತ್‌ರೂಮು ಅನ್ನೋದರ ಕೆಳಗೇ ಹತ್ತಿರದ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಅಂತ ಹಾಕಿರ್ತಾರೆ. ಅದರ ಮೇಲೆ ಆಸ್ತಿ ತೆರಿಗೆ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ನ್ಯೂಜೆರ್ಸಿಯಲ್ಲಿ. 2024ರಲ್ಲಿ ಒಂದು ಮನೆಯ ಸರಾಸರಿ ವರ್ಷಕ್ಕೆ 10 ಸಾವಿರ ಡಾಲರ್ ದಾಟಿತು. ನಮ್ಮ ಲೆಕ್ಕದಲ್ಲಿ ಎಂಟು ಲಕ್ಷದ ಮೇಲೆ. ಅದರಲ್ಲಿ ಸುಮಾರು ಅರ್ಧ ಹೋಗೋದು ಶಾಲೆಗೇ.

ಈಗ ಯೋಚನೆ ಮಾಡಿ. ಮೂವತ್ತು ವರ್ಷದ ಸಾಲ ತಲೆ ಮೇಲೆ ಹೊತ್ಕೊಂಡು ಶಾಲೆ ಕೊಂಡ ಅಪ್ಪನನ್ನ "ನಿಮ್ಮ ಶಾಲೆ ಹೇಗಿದೆ?" ಅಂತ ಕೇಳಿದ್ರೆ ಏನು ಹೇಳ್ತಾನೆ? ಚೆನ್ನಾಗಿಲ್ಲ ಅನ್ನೋಕೆ ಆಗುತ್ತಾ? ಅಂದ್ರೆ ಅವನ ಮನೆಯ ಬೆಲೆಯೇ ಇಳಿಯುತ್ತೆ ಸ್ವಾಮಿ!

ಅಕ್ಕನ ಮನೆಯಲ್ಲಿ ಆಗ ಊಟಕ್ಕೆ ಕೂತರೆ ಜಗಳ. ಜಗಳ ಅವರ ಶಾಲೆಯದ್ದಲ್ಲ, ಪಕ್ಕದ ಊರಿಂದು. ಅದು ಪತ್ರಿಕೆಗಳಲ್ಲಿ ಬಂದ ವಿಷಯ, ಹೆಸರು ಹೇಳಬಹುದು. ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೋ. ಎರಡು ಊರು ಸೇರಿ ಒಂದು ಶಾಲಾ ಜಿಲ್ಲೆ, ಎರಡು ಹೈಸ್ಕೂಲು. ಒಂದು ಕಾಲಕ್ಕೆ ಹೊಲ, ಹಸು, ಹಾಲಿನ ಸೀಮೆ. ಹಾಲಿನ ಜಾಹೀರಾತಿನಿಂದ ಅಮೆರಿಕಕ್ಕೆಲ್ಲ ಹೆಸರಾಗಿದ್ದ ಎಲ್ಸಿ ಅನ್ನೋ ಹಸುವಿನ ಸಮಾಧಿ ಪ್ಲೇನ್ಸ್‌ಬರೋದಲ್ಲಿದೆ. ಆಮೇಲೆ ಔಷಧ ಕಂಪನಿಗಳು ಬಂದವು, ಸಾಫ್ಟ್‌ವೇರ್ ಬಂತು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿದ್ರೆ ನ್ಯೂಯಾರ್ಕ್. ಹಿಂದೆ ಬಂದವರು ನಮ್ಮವರು, ಚೀನಾದವರು, ಕೊರಿಯಾದವರು. 2007ರಲ್ಲಿ ಆ ಜಿಲ್ಲೆಯ ಮಕ್ಕಳಲ್ಲಿ ಏಷ್ಯಾ ಮೂಲದವರು ಶೇ. 44. 2015ಕ್ಕೆ ಶೇ. 65. ಒಟ್ಟು ಸುಮಾರು 9,700 ಮಕ್ಕಳು.

2015ರ ಅಕ್ಟೋಬರ್‌ನಲ್ಲಿ ಅಲ್ಲಿನ ಶಾಲಾ ಜಿಲ್ಲೆಯ ಮುಖ್ಯಸ್ಥ ಡೇವಿಡ್ ಆಡರ್‌ಹೋಲ್ಡ್, ನಮ್ಮ ಡಿಡಿಪಿಐ ಇದ್ದ ಹಾಗೆ ಅಂತ ಇಟ್ಕೊಳ್ಳಿ, ಪೋಷಕರಿಗೆ ಒಂದು ಪತ್ರ ಬರೆದರು. ಹದಿನಾರು ಪುಟದ ಪತ್ರ. ಸಾರ ಇಷ್ಟೇ. ನಮ್ಮ ಮಕ್ಕಳು ಬಳಲಿದ್ದಾರೆ. ಹಿಂದಿನ ಶೈಕ್ಷಣಿಕ ವರ್ಷದಲ್ಲಿ ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲಿನ 120 ಮಕ್ಕಳನ್ನ ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಯ್ತು. ಅದರಲ್ಲಿ 40 ಮಕ್ಕಳು ಆಸ್ಪತ್ರೆ ಸೇರಬೇಕಾಯ್ತು.

ಇದು ಕೆಟ್ಟ ಶಾಲೆಯ ಕಥೆ ಅಲ್ಲ, ಗಮನಿಸಿ. ಗೋಡೆ ಬಿದ್ದ, ಮೇಷ್ಟ್ರಿಲ್ಲದ ಶಾಲೆ ಅಲ್ಲ. ಎಲ್ಲರೂ ಬಯಸೋ, ಮನೆ ಕೊಂಡು ಸೇರೋ ಶಾಲೆಗಳು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ, ಅದೂ ಇಂಥದ್ದೇ ಉಪನಗರ, 2009–10ರಲ್ಲಿ ಒಂದು ಸಲ, 2014–15ರಲ್ಲಿ ಮತ್ತೊಂದು ಸಲ, ಹಲವು ಹೈಸ್ಕೂಲು ಮಕ್ಕಳು ತಮ್ಮ ಜೀವ ತಾವೇ ಕಳಕೊಂಡಿದ್ದರು. ಕೊನೆಗೆ 2016ರಲ್ಲಿ ಕೇಂದ್ರ ಸರ್ಕಾರದ ಸಾಂಕ್ರಾಮಿಕ ರೋಗ ನೋಡೋ ಸಂಸ್ಥೆಯೇ ತಂಡ ಕಳಿಸಿತು, ಕಾರಣ ಹುಡುಕೋಕೆ. ಜ್ವರಕ್ಕೆ ಬರೋ ಡಾಕ್ಟರು ಶಾಲೆಗೆ ಬಂದ ಹಾಗೆ.

ಆಡರ್‌ಹೋಲ್ಡ್ ಬರೀ ಪತ್ರ ಬರೆದು ಕೂರಲಿಲ್ಲ. ಹೈಸ್ಕೂಲಿನ ಮಧ್ಯಾವಧಿ ಪರೀಕ್ಷೆ, ವಾರ್ಷಿಕ ಪರೀಕ್ಷೆ ಎರಡನ್ನೂ ತೆಗೆದರು. ಕೆಲವು ರಾತ್ರಿ ಹೋಮ್‌ವರ್ಕೇ ಇಲ್ಲ ಅಂದರು. ವಾದ್ಯ ನುಡಿಸೋಕೆ ಬರದಿದ್ರೂ ಪರವಾಗಿಲ್ಲ, ಕೀರಲು ದನಿ ಹೊರಡಿಸೋ ಹಕ್ಕು ಎಲ್ಲಾ ಮಕ್ಕಳಿಗೂ ಇದೆ ಅಂತ ಸಂಗೀತ ವಿಭಾಗದ ಬಾಗಿಲು ತೆರೆದರು. ನನಗೆ ಇದು ಬಹಳ ಇಷ್ಟ ಆಯ್ತು. ಕೀರಲು ದನಿಯ ಹಕ್ಕು! ನಮ್ಮ ಸಂಗೀತದ ಮೇಷ್ಟ್ರಿಗೆ ಹೇಳಿದ್ರೆ ಕೋಲು ತಗೋತಿದ್ರು. ಆಮೇಲೆ ಕೈ ಹಾಕಿದ್ದು ನಾಲ್ಕು, ಐದನೇ ತರಗತಿಯ ಮುಂದುವರಿದ ಗಣಿತದ ವಿಭಾಗಕ್ಕೆ. ಅದರಲ್ಲಿದ್ದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಏಷ್ಯಾ ಮೂಲದವರು. ಅದನ್ನ ಮುಚ್ತೀವಿ ಅಂದರು.

ಊರು ಎರಡಾಯ್ತು. ಅಲ್ಲಿ ಶಾಲಾ ಮಂಡಳಿ ಅಂತ ಇರುತ್ತೆ, ಒಂಬತ್ತು ಜನ, ಊರವರೇ ಓಟು ಹಾಕಿ ಆರಿಸಿದವರು. ಸಭೆಯಲ್ಲಿ ಯಾವ ಅಪ್ಪ ಅಮ್ಮ ಬೇಕಾದ್ರೂ ಮೈಕ್ ಮುಂದೆ ನಿಂತು ಮಾತಾಡಬಹುದು. ನಿಂತರು. ಅಮೆರಿಕದ ಬಿಳಿಯ ಪೋಷಕರಲ್ಲಿ ಬಹಳ ಜನ ಮುಖ್ಯಸ್ಥರ ಪರ. ಮಕ್ಕಳಿಗೆ ಉಸಿರಾಡೋಕೆ ಬಿಡಿ ಅಂದರು. ಚೀನಾ, ಭಾರತ ಮೂಲದ ಪೋಷಕರಲ್ಲಿ ಬಹಳ ಜನ ವಿರುದ್ಧ. ಓದೋ ಮಕ್ಕಳ ಕಾಲು ಎಳೀತಿದ್ದೀರಿ, ಶಾಲೆಯ ಮಟ್ಟ ಇಳಿಸ್ತಿದ್ದೀರಿ ಅಂದರು. ಪೂರ್ತಿ ಬಣ್ಣದ ಮೇಲೇ ಒಡೆದಿತ್ತು ಅಂತಲ್ಲ, ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ಇದ್ದೇ ಇದ್ದರು. ಆದರೆ ನ್ಯೂಯಾರ್ಕ್ ಟೈಮ್ಸ್ ಆ ಡಿಸೆಂಬರ್‌ನಲ್ಲಿ ಬರೆದಾಗ ಎದ್ದು ಕಂಡಿದ್ದು ಆ ಬಿರುಕೇ.

ನಮ್ಮ ಭಾವ ಯಾವ ಕಡೆ ಅಂತ ಹೇಳಬೇಕಾಗಿಲ್ಲ. ಪಕ್ಕದ ಊರಿನ ಗಾಳಿ ಇಲ್ಲಿಗೂ ಬೀಸಿದ್ರೆ ಅಂತ ಅವರಿಗೆ ಭಯ. ಆ ಪತ್ರಿಕೆಯ ಪುಟ ಕತ್ತರಿಸಿ ಇಟ್ಕೊಂಡಿದ್ರು. ಚಪಾತಿ ಮುರೀತಾ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ನೋಡು, ಇವರಿಗೆ ಪರೀಕ್ಷೆ ಬೇಡ. ಯಾಕೆ ಬೇಡ? ಇವರ ಅಜ್ಜ ಓದಿದ ಕಾಲೇಜಿದೆ. ಅಪ್ಪನ ಗಾಲ್ಫ್ ಸ್ನೇಹಿತರಿದ್ದಾರೆ. ನಮಗ್ಯಾರಿದ್ದಾರೆ? ನಾನು ಚನ್ನರಾಯಪಟ್ಟಣದಿಂದ ಇಲ್ಲಿಗೆ ಬಂದಿದ್ದು ಪರೀಕ್ಷೆ ಬರೆದೇ. ಆ ಏಣಿ ತೆಗೆದುಬಿಟ್ರೆ ನನ್ನ ಮಗಳು ಯಾವುದರಲ್ಲಿ ಹತ್ತಬೇಕು?"

ಈ ಮಾತನ್ನ ತಳ್ಳಿಹಾಕೋಕೆ ಬರಲ್ಲ, ವೀಕ್ಷಕರೇ. ಅಲ್ಲಿನ ಪತ್ರಿಕೆಗಳು ನಮ್ಮ ಪೋಷಕರನ್ನ ಹುಲಿ ಅಪ್ಪ, ಹುಲಿ ಅಮ್ಮ ಅಂತ ಬರೆದವು. ಸರಿ, ಹುಲಿ ಯಾಕಾದರು? ಇದಕ್ಕೊಂದು ಕಾನೂನಿನ ಕಾರಣವೂ ಇದೆ, ಅದು ಶಾಲೆಯ ಚರ್ಚೆಯಲ್ಲಿ ಯಾರ ಬಾಯಲ್ಲೂ ಬರಲ್ಲ. ಅಮೆರಿಕ ಕೆಲಸದ ಆಧಾರದ ಮೇಲೆ ವರ್ಷಕ್ಕೆ ಕೊಡೋ ಗ್ರೀನ್ ಕಾರ್ಡು ಸುಮಾರು 1,40,000. ಅದರಲ್ಲಿ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚಿಲ್ಲ ಅನ್ನೋದು ಸಾಮಾನ್ಯ ನಿಯಮ. ಪುಟ್ಟ ದೇಶಕ್ಕೂ ಅಷ್ಟೇ, ನಮಗೂ ಅಷ್ಟೇ. ಹಾಗಾಗಿ ಭಾರತದವರ ಸಾಲು ದಶಕಗಟ್ಟಲೆ. ಅಪ್ಪ ಸಾಲಿನಲ್ಲಿ ನಿಂತಿರುವಾಗಲೇ, ಇಲ್ಲಿ ಹುಟ್ಟಿ ಅಲ್ಲಿಗೆ ಹೋದ ಮಗುವಿಗೆ 21 ತುಂಬಿದ್ರೆ, ಅಪ್ಪನ ವೀಸಾದ ನೆರಳು ಹೋಯ್ತು. ಒಂದನೇ ತರಗತಿಯಿಂದ ಅಲ್ಲೇ ಓದಿದ್ರೂ ಅಷ್ಟೇ. ಸ್ವಂತ ವೀಸಾ ಹುಡುಕಬೇಕು, ಇಲ್ಲ ಹೊರಡಬೇಕು. ಅಕ್ಕನ ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ. ಮಗ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಒಂದೇ ಮನೆ, ಒಂದೇ ಸಾಂಬಾರು, ಒಬ್ಬ ಅಮೆರಿಕನ್, ಒಬ್ಬಳು ಅಲ್ಲ. ಭಾವನಿಗೆ ಆ ಮನೆಯಲ್ಲಿ ನಿದ್ದೆ ಬರದೇ ಇದ್ದಿದ್ದು ಈ ಕಾರಣಕ್ಕೆ. ಮಗಳ ಕೈಗೆ ಒಂದು ದೊಡ್ಡ ಕಾಲೇಜಿನ ಡಿಗ್ರಿ ಬಿದ್ದರೆ ಸಾಕು, ಯಾರಾದ್ರೂ ಕೆಲಸ ಕೊಟ್ಟು ಉಳಿಸ್ಕೋತಾರೆ ಅನ್ನೋ ಲೆಕ್ಕ.

ಹಾಗಾದ್ರೆ ಭಾವ ಸರಿ, ಆಡರ್‌ಹೋಲ್ಡ್ ತಪ್ಪಾ? ಅಲ್ಲಿದ್ದಾಗ ನಾನೂ ಹಾಗೇ ಅಂದ್ಕೊಂಡೆ. ಈಗ ಹಾಗನ್ನಿಸಲ್ಲ. ಆ 40 ಮಕ್ಕಳು ಯಾರ ಮಕ್ಕಳೂ ಆಗಿರಬಹುದು. ಶಾಲೆಯ ಮುಖ್ಯಸ್ಥ ಆ ಸಂಖ್ಯೆಯನ್ನ ಬಚ್ಚಿಡಬಹುದಿತ್ತು, ಶಾಲೆಯ ಹೆಸರು ಉಳೀತಿತ್ತು. ನಮ್ಮ ಕಡೆ ಎಷ್ಟು ಕಾಲೇಜುಗಳು ಅಂಥ ಸಂಖ್ಯೆಯನ್ನ ತಾವಾಗೇ ಪತ್ರದಲ್ಲಿ ಬರೀತವೆ? ಆ ಮನುಷ್ಯನ ಕೆಲವು ಮದ್ದು ಸರಿಯಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ. ಗಣಿತ ಇಷ್ಟಪಡೋ ಒಂಬತ್ತು ವರ್ಷದ ಮಗುವಿನ ಗಣಿತ ಕಿತ್ಕೊಂಡ್ರೆ ಅದಕ್ಕೆ ಆರಾಮ ಆಗಲ್ಲ, ಬೇಜಾರಾಗುತ್ತೆ. ಆದರೆ ಕಾಯಿಲೆ ಇದೆ ಅಂತ ಹೇಳಿದ್ದು ಸರಿ.

ಇಷ್ಟೆಲ್ಲ ಗದ್ದಲದಲ್ಲಿ ಮಕ್ಕಳು ಏನಂದರು? ಆ ಜಿಲ್ಲೆ ಮಕ್ಕಳನ್ನ ಕೇಳಿತ್ತು, ಸಮೀಕ್ಷೆ ಮಾಡಿತ್ತು. ಶಾಲೆಗೆ ಬರೋದೇ ಇಷ್ಟ ಇಲ್ಲ ಅಂತ ಬರೆದವರಿದ್ದರು. ಹನ್ನೆರಡು ವರ್ಷದಲ್ಲಿ ಇಲ್ಲಿ ಕಲಿತ ಪಾಠ ಒಂದೇ, ಎಲ್ಲಕ್ಕಿಂತ ಅಂಕ ದೊಡ್ಡದು, ಅನ್ನೋ ಅರ್ಥದಲ್ಲಿ ಬರೆದವರಿದ್ದರು. ಅಪ್ಪ ಅಮ್ಮ ಹತ್ತಕ್ಕೆ ಹತ್ತು ಕೊಟ್ಟ ಶಾಲೆಗೆ ಮಕ್ಕಳು ಕೊಟ್ಟ ಅಂಕ ಅದು.

ಅಕ್ಕನ ಮಗಳು ನನಗೆ ಹೇಳಿದ್ದು ಬೇರೆ ಥರ. ಒಂದು ಸಂಜೆ ಇಬ್ಬರೂ ಇಂಡಿಯನ್ ಅಂಗಡಿಗೆ ಕರಿಬೇವು ತರೋಕೆ ನಡಕೊಂಡು ಹೋಗ್ತಿದ್ವಿ. "ಮಾಮ, ನಂಗೆ ಸ್ಕೂಲ್ ಇಷ್ಟ. ಹೇಟ್ ಮಾಡಲ್ಲ. ಆದ್ರೆ ವಯೋಲಾ ಬಿಟ್ಟೆ." ವಯೋಲಾ ಅಂದ್ರೆ ವಯೊಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ಇನ್ನೂ ಗಂಭೀರ. ಶಾಲೆಯ ವಾದ್ಯವೃಂದದಲ್ಲಿ ಐದು ವರ್ಷ ನುಡಿಸಿದ್ದಳು. ಯಾಕೆ ಬಿಟ್ಟೆ ಪುಟ್ಟಿ, ಬೇಜಾರಾಯ್ತಾ ಅಂದೆ. ಇಲ್ಲ, ಎ ಬರ್ತಿತ್ತು, ಅದಕ್ಕೇ ಬಿಟ್ಟೆ ಅಂದಳು.

ನನಗೆ ಅರ್ಥ ಆಗಲಿಲ್ಲ. ಒಳ್ಳೆ ಗ್ರೇಡ್ ಬರ್ತಿತ್ತು ಅಂತ ಯಾರಾದ್ರೂ ಬಿಡ್ತಾರಾ? ಅವಳು ಲೆಕ್ಕ ಹೇಳಿದಳು, ನನ್ನ ಎಂಜಿನಿಯರಿಂಗ್ ಬುದ್ಧಿಗೆ ಆಮೇಲೆ ಹೊಳೀತು. ನೀವೂ ಕೇಳಿ. ಅಲ್ಲಿ ಎಪಿ ಅಂತ ಕೋರ್ಸ್ ಇರುತ್ತೆ, ಕಾಲೇಜು ಮಟ್ಟದ್ದು. ಎಷ್ಟೋ ಶಾಲೆಗಳಲ್ಲಿ ಎಪಿಯಲ್ಲಿ ಎ ಬಂದ್ರೆ 5 ಅಂಕ. ಮಾಮೂಲಿ ವಿಷಯದಲ್ಲಿ ಎ ಬಂದ್ರೆ 4. ವಾದ್ಯವೃಂದ ಮಾಮೂಲಿ ವಿಷಯ. ಐದು ಎಪಿ ತಗೊಂಡು ಐದರಲ್ಲೂ ಎ ಬಂದ್ರೆ ಸರಾಸರಿ 5. ಅದರ ಜೊತೆ ವಯೋಲಾ ತಗೊಂಡು, ಅದರಲ್ಲೂ ಎ ಬಂದ್ರೆ, ಒಟ್ಟು 29, ಭಾಗಿಸು 6, ಸರಾಸರಿ 4.83. ಅಂದ್ರೆ ಏನಾಯ್ತು? ಇದ್ದಿದ್ರಲ್ಲಿ ಅತ್ಯುತ್ತಮವಾಗಿ ವಯೋಲಾ ನುಡಿಸಿದ್ದಕ್ಕೆ ಶಿಕ್ಷೆ! ನುಡಿಸದೇ ಇದ್ದಿದ್ರೆ ಲಾಭ! ಇದು ಯಾರದೋ ಕೆಟ್ಟತನ ಅಲ್ಲ, ಬರೀ ಗಣಿತ. ಯಾವ ಮೇಷ್ಟ್ರೂ ಅವಳಿಗೆ ಬಿಡು ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲವಂತೆ. ಹದಿನೈದು ವರ್ಷದ ಹುಡುಗಿ ಕ್ಯಾಲ್ಕುಲೇಟರ್ ಹಿಡ್ಕೊಂಡು ತಾನೇ ತೀರ್ಮಾನ ಮಾಡಿದಳು. ಪ್ರಿನ್ಸ್‌ಟನ್ ಸುತ್ತಮುತ್ತ ಆ ವರ್ಷ ಎಷ್ಟು ವಾದ್ಯ ಹೀಗೆ ಪೆಟ್ಟಿಗೆ ಸೇರಿದವೋ. ಪಕ್ಕದ ಜಿಲ್ಲೆಯವರು ಕೀರಲು ದನಿಯ ಹಕ್ಕು ಅಂದಿದ್ದು ಯಾಕೆ ಅಂತ ನನಗೆ ಅವತ್ತು ಗೊತ್ತಾಯ್ತು.

ಅದೇ ವಾರ ಶಾಲೆಯಿಂದ ಪೋಷಕರಿಗೆ ಒಂದು ಅಭಿಪ್ರಾಯದ ಫಾರಂ ಬಂದಿತ್ತು. ಭಾವ ಊಟದ ಮೇಜಿನ ಮೇಲೆ ಇಟ್ಕೊಂಡು ಟಿಕ್ ಹಾಕಿದರು. ಪಾಠ ಅತ್ಯುತ್ತಮ. ಶಿಕ್ಷಕರು ಅತ್ಯುತ್ತಮ. ನಿಮ್ಮ ಮಗು ಶಾಲೆಯಲ್ಲಿ ಸಂತೋಷವಾಗಿದೆಯೇ? ಅತ್ಯುತ್ತಮ. ಮಗಳು ಎದುರಿಗೇ ಕೂತು ಹೋಮ್‌ವರ್ಕ್ ಮಾಡ್ತಿದ್ದಳು. ಭಾವ ಅವಳ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಸುಳ್ಳು ಹೇಳ್ತಿದ್ದೀನಿ ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ಅವರಿಗೆ ಅದು ನಿಜವೇ.

ಭಾವನನ್ನ ದೂರೋಕೆ ನನಗೆ ಯೋಗ್ಯತೆ ಇಲ್ಲ. ಯಾಕಂದ್ರೆ ನಾನು ಮಾಡಿದ್ದು ಇನ್ನೂ ಅತ್ತ. ಸಮ್ಮೇಳನದ ಸುದ್ದಿಗಳ ಜೊತೆಗೆ ನಾನೊಂದು ಮೂರು ನಿಮಿಷದ ವರದಿ ಕಳಿಸಿದೆ. ಅಮೆರಿಕದಲ್ಲಿ ಮಿಂಚುತ್ತಿರುವ ಕನ್ನಡದ ಕುಡಿ. ನೀವು ನೋಡಿರಬಹುದು, ಇಂಥವು ನೂರಾರು ಬಂದಿವೆ. ಅಕ್ಕನ ಮಗಳು ಕ್ಯಾಮೆರಾ ಮುಂದೆ ಕೂತು ತನ್ನ ಅಂಕ ಹೇಳಿದಳು, ಗಣಿತದ ಸ್ಪರ್ಧೆಯ ಪದಕ ತೋರಿಸಿದಳು, ನನ್ನ ಬಲವಂತಕ್ಕೆ ಸಿರಿಗನ್ನಡಂ ಗೆಲ್ಗೆ ಅಂದಳು. ಕೊನೆಗೆ, ನಾನು ಕೇಳದೇ ಇದ್ರೂ, ವಯೋಲಾ ಬಿಟ್ಟ ವಿಷಯ ಹೇಳಿದಳು. ಸುಮಾರು ಇಪ್ಪತ್ತು ಸೆಕೆಂಡ್. ಕನ್ನಡ ತೊದಲ್ತಾ ಇತ್ತು, ಆದರೆ ಇಡೀ ವರದಿಯಲ್ಲಿ ಅವಳ ಸ್ವಂತದ್ದು ಅಂತ ಇದ್ದಿದ್ದು ಅಷ್ಟೇ.

ಎಡಿಟಿಂಗ್‌ನಲ್ಲಿ ಅದನ್ನ ತೆಗೆದವನು ನಾನು. ಸ್ಟೋರಿಯ ಓಟ ನಿಲ್ಲುತ್ತೆ ಅನ್ನಿಸ್ತು. ಬೆಂಗಳೂರಲ್ಲಿ ದೊಡ್ಡಮ್ಮ ನೋಡಿ ಕಣ್ಣೀರು ಹಾಕಿದ್ರು, ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡಿದ್ರು.

ಆಮೇಲೆ ಏನಾಯ್ತು ಅಂತ ಕೇಳ್ತೀರಿ. ಅವಳು ಒಳ್ಳೆ ಕಾಲೇಜಿಗೇ ಹೋದಳು. ಭಾವನ ಲೆಕ್ಕ ಅಲ್ಲಿವರೆಗೆ ಸರಿಯಾಯ್ತು. ಅರ್ಥಶಾಸ್ತ್ರ ಓದಿದಳು. 2022ರಲ್ಲಿ 21 ತುಂಬಿತು, ಅಪ್ಪನ ಸಾಲು ಇನ್ನೂ ಮುಗಿದಿರಲಿಲ್ಲ, ಸ್ಟೂಡೆಂಟ್ ವೀಸಾಗೆ ಬದಲಾದಳು. ಬೆಂಗಳೂರಿಂದ ಆ ವರ್ಷ ಮೊದಲ ಸಲ ವಿಮಾನ ಹತ್ತಿದ ಹುಡುಗಿಗೂ, ಆರನೇ ವಯಸ್ಸಿಂದ ಅಲ್ಲೇ ಇದ್ದ ಇವಳಿಗೂ ಒಂದೇ ವೀಸಾ. ಡಿಗ್ರಿ ಆದ ಮೇಲೆ ಒಂದು ವರ್ಷ ಕೆಲಸ ಮಾಡಬಹುದು. ಎಚ್1ಬಿ ಲಾಟರಿಯಲ್ಲಿ ಹೆಸರು ಬರಲಿಲ್ಲ. ಅದು ಆಗ ನಿಜವಾಗ್ಲೂ ಲಾಟರಿ, ಅಂಕ ನೋಡ್ತಿರಲಿಲ್ಲ, ಶಾಲೆಗೆ ಹತ್ತಕ್ಕೆ ಎಷ್ಟು ಅಂತ ನೋಡ್ತಿರಲಿಲ್ಲ. ಕಂಪನಿಯವರು ಟೊರಾಂಟೊ ಕಚೇರಿಗೆ ಕಳಿಸಿದ್ರು. 2024ರಿಂದ ಅಲ್ಲೇ ಇದ್ದಾಳೆ. ಅಮ್ಮನ ಮನೆಗೆ ಬರಬೇಕಾದ್ರೆ ವೀಸಾ ಮಾಡಿಸ್ಕೋಬೇಕು. ಯಾವ ಮನೆ? ಅವಳ ಶಾಲೆಗೋಸ್ಕರ ಕೊಂಡ ಮನೆ.

ನಾನು ಇದನ್ನ ಹೇಳ್ತಿರೋದು ಓದಬೇಡಿ ಅನ್ನೋಕಲ್ಲ. ನಾನೂ ಸಿಇಟಿ ಬರೆದು ಬಂದೋನೇ. ಈಗ ನಮ್ಮಲ್ಲೂ ಮನೆ ಬದಲಾಯಿಸೋ ಕಾಲ ಬಂದಿದೆ. ಮಗ ಹತ್ತನೇ ಕ್ಲಾಸ್ ಅಂತ ಕಾಲೇಜಿನ ಪಕ್ಕ ಬಾಡಿಗೆ ಮನೆ ಮಾಡಿ, ಅಪ್ಪ ಒಂದೂರು, ಅಮ್ಮ ಮಗ ಒಂದೂರು ಅಂತ ಬದುಕ್ತಿರೋ ಸಂಸಾರಗಳನ್ನ ನಾನೇ ಬಲ್ಲೆ. ಅವರು ತಮ್ಮ ಪಾಲಿನ ಸಾಲ ತೀರಿಸ್ತಿದ್ದಾರೆ. ಅವರನ್ನ ಶಾಲೆ ಹೇಗಿದೆ ಅಂತ ಕೇಳಿದ್ರೆ ಅವರೂ ಅತ್ಯುತ್ತಮ ಅಂತಲೇ ಟಿಕ್ ಹಾಕ್ತಾರೆ. ನಮ್ಮ ಚಾನೆಲ್ ಅವರನ್ನೇ ಕೇಳುತ್ತೆ. ಇವತ್ತು ಮಧ್ಯಾಹ್ನವೂ ಕೇಳಿತು.

ಇವತ್ತು ಪಾಸಾಗದ ಮಕ್ಕಳೂ ಲಕ್ಷಗಟ್ಟಲೆ ಇದ್ದಾರೆ, ಪಾಸಾಗಿಯೂ ಅಳ್ತಿರೋ ಮಕ್ಕಳಿದ್ದಾರೆ. ಪಾಸಾಗದವರಿಗೆ ಪರೀಕ್ಷೆ-2 ಇದೆ. ಮನಸ್ಸು ಕುಗ್ಗಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಈ ನಂಬರ್ ಸ್ಕ್ರೀನ್ ಕೆಳಗೆ ರಾತ್ರಿಯೆಲ್ಲ ಓಡ್ತಿರುತ್ತೆ, ಹೇಳಿದ್ದೀನಿ. ಅಪ್ಪ ಅಮ್ಮನೂ ಮಾಡಬಹುದು.

ಕಳೆದ ವಾರ ಅಕ್ಕ ಫೋನ್ ಮಾಡಿದ್ದಳು. ಏಳು ವರ್ಷದವನಿದ್ದ ಹುಡುಗ ಈಗ ಅದೇ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಮುಂದಿನ ವರ್ಷಕ್ಕೆ ವಿಷಯ ಆರಿಸ್ಕೋಬೇಕಂತೆ. ಎಪಿ ಫಿಸಿಕ್ಸ್ ತಗೊಳ್ಳೋದಾ ಬೇಡ್ವಾ ಅಂತ ಭಾವನಿಗೆ ಅನುಮಾನ. ಮಗಳಿಗೆ ಟೊರಾಂಟೊಗೆ ಫೋನ್ ಹಚ್ಚಿ ಕೇಳಿದ್ರಂತೆ, ನಿನ್ನ ಅನುಭವದಲ್ಲಿ ಆ ಕ್ಲಾಸ್ ಹೇಗೆ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅವನು ಪಕ್ಕದಲ್ಲಿದ್ದಾನಾ?" ಅಂದಳಂತೆ.

ಇದ್ದಾನೆ ಅಂದ್ರಂತೆ ಭಾವ.

"ಹಾಗಾದ್ರೆ ಫೋನ್ ಅವನಿಗೆ ಕೊಡಿ."

ಕೊಟ್ರಂತೆ. ಅಕ್ಕತಮ್ಮ ಮುಕ್ಕಾಲು ಗಂಟೆ ಮಾತಾಡಿದ್ರಂತೆ, ಬಾಗಿಲು ಹಾಕ್ಕೊಂಡು. ಏನು ಮಾತಾಡಿದ್ರು ಅಂತ ಅಕ್ಕನಿಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ.